ಅತ್ತೆ ತುಳಿದ ದಾರಿ

ನಮ್ಮ ಅತ್ತೆಯ ಬಲಗಾಲಿನ ಮೀನಖಂಡದ ಮೇಲೆ ಸೈಕಲ್ ಚೈನಿನ ಹಲ್ಲುಗಳ ಕಪ್ಪು ಗುರುತು ಯಾವಾಗಲೂ ಇರುತ್ತಿತ್ತು. ಸೀಗೆಪುಡಿ ಹಾಕಿ ಎಷ್ಟು ಉಜ್ಜಿದರೂ ಪೂರ್ತಿ ಹೋಗುತ್ತಿರಲಿಲ್ಲ. ಹೋಗಲಿ ಎಂದು ಅವರಿಗೂ ಇದ್ದಂತಿರಲಿಲ್ಲ. ನೆಂಟರು ಬಂದಾಗ ಸೀರೆಯ ಅಂಚು ಎಳೆದುಕೊಳ್ಳದೆ, ಕಾಲು ಚಾಚಿಯೇ ಕೂರುತ್ತಿದ್ದರು.

ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಅವರಿಗೆ ಸೈಕಲ್ ಬರುತ್ತಿರಲಿಲ್ಲ. ಮಾವನವರು ತೀರಿಕೊಂಡ ಮೇಲೆ ಮೈಸೂರಿನ ಗೋಕುಲಂನ ನಮ್ಮ ಮನೆಯ ಮಹಡಿಯನ್ನು ಯೋಗ ಕಲಿಯಲು ಬರುವವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಒಂದು ವರ್ಷ ರೋಮ್ ಪಟ್ಟಣದ ಹೆಣ್ಣುಮಗಳೊಬ್ಬಳು ಬಂದಿದ್ದಳು. ಬಂದ ವಾರದಲ್ಲೇ ಸೈಕಲ್ ಕೊಂಡಳು. ತನ್ನ ಊರಿನಲ್ಲೂ ಭಾನುವಾರ ಬಂತೆಂದರೆ ಗೆಳತಿಯರ ಜೊತೆ ಸೈಕಲ್ಲಿನಲ್ಲಿ ಹೊರಡುತ್ತಿದ್ದಳಂತೆ. ಕಲ್ಲು ಹಾಸಿದ ಹಳೇ ರಸ್ತೆ, ಇಕ್ಕೆಲಗಳಲ್ಲಿ ಪಾಳುಬಿದ್ದ ಗೋರಿಗಳು, ಎಂದೋ ಊರಿಗೆ ನೀರು ತರುತ್ತಿದ್ದ ಕಮಾನುಗಳ ಸಾಲು, ಎಲ್ಲವನ್ನೂ ಫೋನಿನಲ್ಲಿ ತೋರಿಸಿದಳು. ಆಮೇಲೆ ಅತ್ತೆಯನ್ನು ಕೇಳಿದಳು: "ನಿಮ್ಮ ಊರಿನ ಸುತ್ತ ಏನೇನಿದೆ?"

ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಎದ್ದು ಅಡುಗೆಮನೆಗೆ ಹೋದರು. ಸಂಜೆ ಅವರೆಕಾಳು ಹಿಸುಕುತ್ತಾ ಇದ್ದಕ್ಕಿದ್ದಂತೆ ಅಂದರು: "ಬನ್ನೂರಲ್ಲಿ ಹುಟ್ಟಿದೋಳು ನಾನು. ಎರಡು ಹರದಾರಿಯಲ್ಲಿ ಸೋಮನಾಥಪುರ. ಇವತ್ತಿಗೂ ನೋಡಿಲ್ಲ ಕಣಮ್ಮ. ಅವಳು ಸಮುದ್ರ ದಾಟಿ ಬಂದು ನೋಡ್ತಾಳೆ."

"ಕಾರು ಮಾಡ್ಕೊಂಡು ಹೋಗೋಣ ಅತ್ತೆ."

"ಕಾರು ಅಂದ್ರೆ ಇನ್ನೊಬ್ಬರನ್ನ ಕಾಯ್ಬೇಕು. ಕಾದಿದ್ದು ಸಾಕು ಬುಡು."

ಆ ಹೆಣ್ಣುಮಗಳು ಊರಿಗೆ ಹೊರಟಾಗ ಸೈಕಲ್ಲನ್ನು ಅತ್ತೆಗೇ ಬಿಟ್ಟುಹೋದಳು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಅತ್ತೆ ಪಕ್ಕದ ಬೀದಿಯ ಖಾಲಿ ಸೈಟಿನಲ್ಲಿ ಕಲಿಯಲು ಶುರುಮಾಡಿದರು. ನೆರಿಗೆಗೆ ಬಟ್ಟೆ ಒಣಗಿಸುವ ಕ್ಲಿಪ್ಪು, ತಲೆಗೆ ಟವೆಲ್ಲು. ಬಿದ್ದರು, ಮೊಣಕೈ ತರಚಿತು. ಕಾಂಪೌಂಡಿನಿಂದ ಇಣುಕಿದವರಿಗೆ "ಬಿದ್ರೆ ನೆಲ ತಾನೇ, ಪಾತಾಳ ಅಲ್ವಲ್ಲ!" ಅಂದರು. ಅವರು ಕಲಿತು ಮುಗಿಸಿದ ಮೇಲೆ ನನ್ನ ಸರದಿ ಬಂತು, ನನಗೂ ಒಂದು ಸೈಕಲ್ ಬಂತು.

ಸುದ್ದಿ ಬನ್ನೂರಿನಲ್ಲೇ ಇದ್ದ ದೊಡ್ಡಮಾವನಿಗೆ, ಅಂದರೆ ಮಾವನವರ ಅಣ್ಣನಿಗೆ, ಮುಟ್ಟಿತು. ಬೆಳಗಿನ ಬಸ್ಸಿಗೇ ಬಂದರು.

"ಗಂಡ ಇಲ್ಲದೋಳು ಬೀದೀಲಿ ಸೈಕಲ್ ತುಳೀತಾಳಂತೆ. ಮನೆತನದ ಮರ್ಯಾದೆ ಏನಾಗ್ಬೇಕು?"

ನನ್ನ ಗಂಡ ಪೇಪರಿನಲ್ಲಿ ಮುಖ ಹುದುಗಿಸಿದರು. ದೊಡ್ಡಪ್ಪನ ಎದುರು ಅವರು ಎಂದೂ ತುಟಿ ಬಿಚ್ಚಿದವರಲ್ಲ. ಅತ್ತೆ ಕಾಫಿ ಲೋಟ ತಂದು ಮುಂದಿಟ್ಟರು. "ಕುಡೀರಿ ಭಾವ. ನಾನು ರಂಗನತಿಟ್ಟಿಗೆ ಹೊರಟಿದೀನಿ. ಹಕ್ಕಿ ಬಂದಿವೆಯಂತೆ. ತಿಂಡಿ ಮುಚ್ಚಿಟ್ಟಿದೀನಿ." ಅಷ್ಟೇ. ಗೇಟು ತೆಗೆದ ಸದ್ದಾಯಿತು.

ಅಲ್ಲಿಂದ ಭಾನುವಾರಗಳು ನಮ್ಮವಾದವು. ಶ್ರೀರಂಗಪಟ್ಟಣ, ಕರೀಘಟ್ಟ, ವರುಣಾ ಕೆರೆ. ಎದುರು ಮನೆಯ ನರ್ಸಮ್ಮ ಜೊತೆಯಾದರು, ಮೂಲೆಯ ಇಡ್ಲಿ ಅಂಗಡಿಯಾಕೆ ಸೇರಿದರು, ಹೀಗೆ ಗುಂಪು ಬೆಳೆಯಿತು. ರಿಂಗ್ ರಸ್ತೆಯಲ್ಲಿ ಒಬ್ಬ ಕಾರಿನಿಂದ ತಲೆ ಹೊರಹಾಕಿ "ಅಜ್ಜೀ, ಕಾಶಿಗಾ?" ಎಂದ. "ಕರೀಘಟ್ಟಕ್ಕೆ ಕಣಪ್ಪಾ. ನೀನೂ ಇಳಿದು ತುಳಿ, ಹೊಟ್ಟೆ ಕರಗ್ತದೆ!" ಎಂದು ಅತ್ತೆ ಬೆಲ್ ಬಾರಿಸಿದರು. ಸೋಮನಾಥಪುರ ಮಾತ್ರ ಹಾಗೇ ಉಳಿದಿತ್ತು. ಅಷ್ಟು ದೂರಕ್ಕೆ ಕಾಲು ಹದವಾಗಲಿ ಎನ್ನುತ್ತಿದ್ದರು.

ದೊಡ್ಡಮಾವನ ಮೊಮ್ಮಗಳ ಸೀಮಂತ ಬನ್ನೂರಿನ ಛತ್ರವೊಂದರಲ್ಲಿ ನಡೆಯಿತು. ಅದಕ್ಕೂ ಸೈಕಲ್ಲಿನಲ್ಲೇ ಹೋಗೋಣ ಎಂದು ಅತ್ತೆ ಹಟ ಹಿಡಿದರು. ರೇಷ್ಮೆ ಸೀರೆಗಳನ್ನು ಚೀಲದಲ್ಲಿ ಸುತ್ತಿ ಕ್ಯಾರಿಯರಿಗೆ ಕಟ್ಟಿದೆವು, ಅಲ್ಲಿ ಹೋಗಿ ಉಟ್ಟೆವು. ನನಗೆ ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹೆಂಗಸರೆಲ್ಲ ಆರತಿಗೆ ಏಳುವಾಗ ನಾನೂ ತಟ್ಟೆಗೆ ಕೈ ಹಾಕಿದೆ. ದೊಡ್ಡಮಾವನ ಹೆಂಡತಿ ದೊಡ್ಡತ್ತೆ ಮೆಲ್ಲಗೆ ಅದನ್ನು ಎಳೆದುಕೊಂಡರು.

"ನೀನು ಬ್ಯಾಡ ಕಣಮ್ಮ. ಮಕ್ಕಳೊಂದಿಗರು ಎತ್ತಲಿ."

ಓಲಗದವರು ಆಗಷ್ಟೇ ನಿಲ್ಲಿಸಿದ್ದರು. ಮಾತು ಎಲ್ಲರಿಗೂ ಕೇಳಿಸಿತು. ನಾನು ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡೆ. ಅತ್ತೆ, ವಿಧವೆಯಾದ್ದರಿಂದ, ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ಎದ್ದರು. ಎಲ್ಲರೂ ನೋಡುತ್ತಿದ್ದಂತೆ ನಡುವಿನ ಜಮಖಾನದ ಮೇಲೆ ನಡೆದು ಬಂದು ಬಸುರಿ ಹುಡುಗಿಯ ಕೆನ್ನೆ ಸವರಿದರು. "ಮಗು ಚೆನ್ನಾಗಿ ಬರ್ಲಿ ಕಣವ್ವ. ನಿನ್ ಮೇಲೆ ಕೋಪ ಇಲ್ಲ." ಆಮೇಲೆ ದೊಡ್ಡತ್ತೆಯತ್ತ ತಿರುಗಿದರು. "ಅಕ್ಕಾ, ನನ್ ಸೊಸೆ ಬ್ಯಾಡದ ಕಡೆ ನಂಗೂ ಎಲೆ ಹಾಕ್ಬ್ಯಾಡಿ." ನನ್ನ ಮಣಿಕಟ್ಟು ಹಿಡಿದು ಹೊರಗೆ ಕರೆತಂದರು.

ರೇಷ್ಮೆ ಸೀರೆಯಲ್ಲೇ ಸೈಕಲ್ ಹತ್ತಿದೆವು. ನಾನು ದಾರಿಯುದ್ದಕ್ಕೂ ಅಳುತ್ತಿದ್ದೆ. ಅವರು ಮುಂದೆ ತುಳಿಯುತ್ತಿದ್ದರು. ಮೈಸೂರಿನ ದಾರಿ ಅದಲ್ಲವೆಂದು ಬಹಳ ಹೊತ್ತಿನ ಮೇಲೆ ಗೊತ್ತಾಯಿತು.

ಸೋಮನಾಥಪುರದಲ್ಲಿ ಬಿಸಿಲು ಸುಡುತ್ತಿತ್ತು. ಗುಡಿಯ ಹೊರಗೆ ಸೌತೆಕಾಯಿ ತಿಂದೆವು. ಒಳಗೆ ಅತ್ತೆ ಗೋಡೆಯ ವಿಗ್ರಹಗಳನ್ನು ಒಂದೊಂದಾಗಿ ನೋಡಿದರು. ಕೆಲವಕ್ಕೆ ಮೂಗಿಲ್ಲ, ಕೆಲವಕ್ಕೆ ಕೈಯಿಲ್ಲ. ಗರ್ಭಗುಡಿಯಲ್ಲಿದ್ದ ಮೊದಲಿನ ಕೇಶವ ಎಂದೋ ಕಾಣೆಯಾಗಿದ್ದಾನೆ. ದೀಪವಿಲ್ಲ, ಗಂಟೆಯಿಲ್ಲ.

"ಇಲ್ಲಿ ಪೂಜೆ ಯಾಕಿಲ್ಲ?" ಎಂದು ಕೇಳಿದರು.

"ವಿಗ್ರಹ ಭಿನ್ನ ಆಗಿದೆಯಲ್ಲ ಅತ್ತೆ. ಭಿನ್ನ ಆದದ್ದು ಪೂಜೆಗೆ ಬರಲ್ಲ."

ಅವರು ಕೈಯಿಲ್ಲದ ಒಂದು ಹೆಣ್ಣುಮೂರ್ತಿಯ ಮುಂದೆ ನಿಂತರು. "ಪೂಜೆಗೆ ಬರದಿದ್ರೆ ಬ್ಯಾಡ ಬುಡು," ಎಂದರು. "ಪ್ರಪಂಚನೇ ಇವಳನ್ನ ನೋಡೋಕೆ ಬರ್ತದಲ್ಲ."

ಆ ದಿನದ ನಂತರ ನಾನು ಯಾವ ಸಮಾರಂಭದಲ್ಲೂ ತಲೆ ತಗ್ಗಿಸಿ ಕೂತಿಲ್ಲ.

ಹೋದ ವರ್ಷ ಅವರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಸೈಕಲ್ ತುಳಿದೇ ಹೀಗಾಯಿತೆಂದು ನೆಂಟರು ಆಡಿಕೊಂಡರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಅತ್ತೆ ಮಲಗಿದಲ್ಲೇ ನಕ್ಕರು. "ಸುಮ್ನೆ ಕೂತಿದ್ರೆ ಸಾಯ್ತಿರ್ಲಿಲ್ವೇನೋ ನಾನು!" ಮಾಗಿಯ ಒಂದು ಬೆಳಗ್ಗೆ, ನನ್ನ ಕೈಯಿಂದ ಎರಡು ಚಮಚ ಗಂಜಿ ಕುಡಿದು, ಸಾಕೆಂದು ಕಣ್ಣು ಮುಚ್ಚಿದರು.

ಚಾಮುಂಡಿ ಬೆಟ್ಟದ ತಪ್ಪಲಿನ ಸ್ಮಶಾನಕ್ಕೆ ಒಯ್ಯಲು ವ್ಯಾನು ಬಂತು. ಅಷ್ಟರಲ್ಲಿ ಭಾನುವಾರದ ಹೆಂಗಸರೆಲ್ಲ ಸೈಕಲ್ ಸಮೇತ ಗೇಟಿನ ಮುಂದೆ ಬಂದು ನಿಂತಿದ್ದರು. ಯಾರೂ ಕರೆದಿರಲಿಲ್ಲ. ನಾನೂ ನನ್ನ ಸೈಕಲ್ ಹೊರತೆಗೆದೆ.

ದೊಡ್ಡಮಾವ ಕೋಲೂರಿಕೊಂಡು ಅಡ್ಡ ಬಂದರು. "ಹೆಂಗಸರು ಸ್ಮಶಾನಕ್ಕೆ ಬರಂಗಿಲ್ಲ. ಒಳಕ್ಕೆ ಹೋಗಿ."

ನಾನು ಸೈಕಲ್ ಹಿಡಿದೇ ಹೇಳಿದೆ: "ಇವತ್ತು ಅತ್ತೇನ ಒಬ್ಬರನ್ನೇ ಕಳಿಸಲ್ಲ ದೊಡ್ಡಮಾವ. ನೀವು ಬೈದ್ರೂ ಸರಿ, ನಾವು ಬರ್ತೀವಿ."

ದೊಡ್ಡಮಾವ ನನ್ನ ಗಂಡನ ಕಡೆ ನೋಡಿದರು. ಇವರು ಒದ್ದೆ ಪಂಚೆಯಲ್ಲಿ ನಿಂತಿದ್ದರು. ನನ್ನನ್ನು ನೋಡಿದರು, ಸೈಕಲ್ಲುಗಳನ್ನು ನೋಡಿದರು, ಹೋಗಿ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತರು. ನಾನು ಪೆಡಲ್ ಮೇಲೆ ಕಾಲಿಟ್ಟೆ. ಆಗ ಇವರು ಡ್ರೈವರಿಗೆ ಹೇಳಿದ್ದು ನಮಗೆಲ್ಲ ಕೇಳಿಸಿತು:

"ನಿಧಾನಕ್ಕೆ ಓಡಿಸಪ್ಪಾ. ಹಿಂದೆ ನಮ್ಮನೆಯವರು ಸೈಕಲ್ಲಲ್ಲಿ ಬರ್ತಿದಾರೆ."