ಶುಕ್ರವಾರ ಹೊರಗೆ ಹಾಕದ ಆಂಟಿವೈರಸ್

ರಾಯದುರ್ಗದಲ್ಲಿ ಉಜ್ಜಿನಮ್ಮ ಯಾರು ಅಂದರೆ ಮೊದಲೆಲ್ಲ "ಯಾವ ಉಜ್ಜಿನಮ್ಮ, ದಾರ ಕತ್ತರಿಸ್ತಾಳಲ್ಲ, ಅವಳಾ?" ಅನ್ನುತ್ತಿದ್ದರು. ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಪ್ಯಾಂಟಿನ ರಾಶಿಯ ನಡುವೆ ನೆಲದ ಮೇಲೆ ಕುಳಿತು, ನೇತಾಡುವ ಎಳೆಗಳನ್ನು ಕತ್ತರಿಸುವ ಕೆಲಸ. ಮೂಗಿನ ತುಂಬ ನೀಲಿ ಧೂಳು. ಮಂಡಿ ಹಾಳಾಗಿ, ಕುಳಿತವಳು ಏಳಬೇಕಾದರೆ ಗೋಡೆ ಹಿಡಿಯಬೇಕಿತ್ತು.

ಈಗ ಹಾಗಲ್ಲ. ಮಾಲೀಕ ವೆಂಕಟೇಶನ ಅದೇ ಯೂನಿಟ್ಟಿನಲ್ಲಿ ಕಂಪ್ಯೂಟರ್ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಪ್ಯಾಂಟಿನ ಹಿಂಜೇಬಿಗೆ ಬೇಕಾದ ಹದ್ದೋ ಹೂವೋ, ಆ ಡಿಸೈನನ್ನು ತೆಗೆದು ಎಂಬ್ರಾಯ್ಡರಿ ಮಿಷನ್ನಿಗೆ ಕಳಿಸುತ್ತಾಳೆ. ಹಿಂದಿದ್ದ ಆಪರೇಟರ್ ತಂಗಿಯ ಮದುವೆಗೆಂದು ಗುಡಿಬಂಡೆಗೆ ಹೋದವನು ಬೇಗ ಬರಲಿಲ್ಲ. ಅವನ ಬೆನ್ನ ಹಿಂದೆ ನಿಂತು ನೋಡಿ ನೋಡಿ ಕಲಿತಿದ್ದವಳು "ನಂಗೆಲ್ಲಾ ಬರ್ತೈತ್ರಿ" ಎಂದು ಕುಳಿತೇಬಿಟ್ಟಳು. ಆ ಕಡೆಯ ಯೂನಿಟ್ಟುಗಳಲ್ಲಿ ಕುರ್ಚಿಗೆ ಬೇರೆ ಕಾಗದಪತ್ರ ಏನಿಲ್ಲ. ಯಾರು ಕುಳಿತರೋ ಮಿಷನ್ನು ಅವರ ಕೈಗೆ.

ಎಲ್ಲಾ ಬರುತ್ತದೆ ಅಂದಳಲ್ಲ, ಅದೇ ತಪ್ಪಾಯಿತು ನೋಡಿ. ಒಂದು ದಿನ ಪರದೆಯ ಮೂಲೆಯಲ್ಲಿ ಕೆಂಪು ಪೆಟ್ಟಿಗೆಯೊಂದು ಎದ್ದು ಕುಳಿತಿತು. ಆಂಟಿವೈರಸ್ಸಿನ ಲೈಸೆನ್ಸ್ ಮುಗಿದಿದೆಯಂತೆ, ಕಂಪ್ಯೂಟರಿಗೆ ಅಪಾಯವಂತೆ. ಅಕ್ಷರ ಕೂಡಿಸಿ ಓದುವಷ್ಟು ಇಂಗ್ಲಿಷು ಉಜ್ಜಿನಮ್ಮನಿಗೆ ಬರುತ್ತಿತ್ತು, ಆದರೆ ಅಪಾಯ ಎಂಥದ್ದು ಅಂತ ಪೆಟ್ಟಿಗೆ ಬಾಯಿ ಬಿಟ್ಟು ಹೇಳಬೇಕಲ್ಲ! ಮುಚ್ಚಿದರೆ ಮತ್ತೆ ಬರುತ್ತಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯವನನ್ನು ಕೇಳಿದರೆ, ಆ ಕಂಪನಿಯದು ಖಾಲಿಯಾಗಿದೆ, ಇದು ಇನ್ನೂ ಒಳ್ಳೆಯದು ಎಂದು ಬೇರೆ ಕಂಪನಿಯ ಡಬ್ಬಿ ಕೊಟ್ಟು ಕಳಿಸಿದ.

ಅವಳು ಅದನ್ನು ಹಾಕಲು ಕುಳಿತದ್ದು ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ. ಅರ್ಧಕ್ಕೆ ಬಂದಾಗ ಕಂಪ್ಯೂಟರ್ ಕೇಳಿತು: ಹಳೆಯದೊಂದು ಒಳಗಿದೆ, ತೆಗೆದುಹಾಕಲೋ, ಇರಲೋ? ಉಜ್ಜಿನಮ್ಮನ ಕೈ ಅಲ್ಲೇ ನಿಂತಿತು. ಶುಕ್ರವಾರ ದೀಪ ಹಚ್ಚಿದ ಮೇಲೆ ಕಸವನ್ನೂ ಹೊರಗೆ ಚೆಲ್ಲದವಳು ಅವಳು. ಪಕ್ಕದ ಮನೆಯವರು ಉಪ್ಪು ಕೇಳಿದರೂ ನಾಳೆ ಬಾ ಅನ್ನುವವಳು. ಇಷ್ಟು ವರ್ಷ ಕಾವಲಿದ್ದದ್ದನ್ನು ಈ ಹೊತ್ತಿನಲ್ಲಿ ಹೊರಗೆ ಹಾಕುವುದೇ? ಒಂದಕ್ಕೆ ಎರಡು ಕಾವಲಿದ್ದರೆ ಒಳ್ಳೆಯದೇ ಅಲ್ಲವೇ? "ಇರಲಿ" ಅನ್ನುವುದನ್ನೇ ಒತ್ತಿ, ಊದುಬತ್ತಿ ಬೆಳಗಿ ಮನೆಗೆ ಹೋದಳು.

ಶನಿವಾರ ಬೆಳಿಗ್ಗೆ ಬಂದು ನೋಡುತ್ತಾಳೆ, ಅಯ್ಯೋ ಶಿವನೇ! ಮೌಸಿನ ಬಾಣ ಆಕಡೆ ಎಳೆದರೆ ಆಮೇಲೆ ಯಾವಾಗಲೋ ಹೋಗುತ್ತದೆ. ಹಳೆಯದು ಲೈಸೆನ್ಸ್ ಕೊಡು ಅನ್ನುತ್ತದೆ. ಹೊಸ ಡಬ್ಬಿಯೊಳಗಿದ್ದ ನಂಬರನ್ನು ಅದಕ್ಕೆ ಹಾಕಿದರೆ ಒಲ್ಲೆ ಅನ್ನುತ್ತದೆ. ಹೊಸದಕ್ಕೇ ಹಾಕಿದರೆ, ಈ ನಂಬರು ಆಗಲೇ ಬಳಸಿಯಾಗಿದೆ ಅನ್ನುತ್ತದೆ. ಬಳಸಿದವರು ಯಾರು? ಅವಳೇ ಅಲ್ಲವೇ? ಮತ್ತೆ ಅವಳಿಗೇ ಯಾಕೆ ಇಲ್ಲ? ಎಲ್ಲಕ್ಕಿಂತ ಮುಖ್ಯವಾಗಿ ಡಿಸೈನುಗಳೇ ಕಾಣಲಿಲ್ಲ. ಬಳ್ಳಾರಿಯ ವ್ಯಾಪಾರಿಗೆ ಸಂಜೆಯ ಲಾರಿಯಲ್ಲಿ ಮಾಲು ಹೋಗಬೇಕು. ಜೇಬು ಬರದೆ ಟೈಲರುಗಳು ಕೈಕಟ್ಟಿ ಕುಳಿತಿದ್ದರು.

ಇನ್ನೇನು, ವೆಂಕಟೇಶ ಬಂದ.

"ಏನಾತಕ್ಕಾ? ಮಿಷನ್ ಯಾಕ ನಿಂತೈತಿ?"

"ಏನಿಲ್ರೀ ಅಣ್ಣಾ, ಆತು, ಈಗ ಆಗ್ತೈತಿ."

ಆಗಲಿಲ್ಲ. ಆಫ್ ಮಾಡಿ ಆನ್ ಮಾಡಿದಳು, ಕಣ್ಣಿಗೆ ಕಂಡದ್ದನ್ನೆಲ್ಲ ಒತ್ತಿದಳು, ಹಿಂದಿನ ವೈರು ಕಿತ್ತು ಮತ್ತೆ ಸಿಕ್ಕಿಸಿದಳು. ಕಡೆಗೆ ವೆಂಕಟೇಶ ಫೋನು ತೆಗೆದು, ಎದುರು ಯೂನಿಟ್ಟಿನ ಆಪರೇಟರ್ ತಿಪ್ಪೇಶನನ್ನು ಕರೆದ. ತಿಪ್ಪೇಶ ಹತ್ತು ಯೂನಿಟ್ಟಿನ ಕಂಪ್ಯೂಟರ್ ಕಂಡವನು. ಅವನು ಒಳಗೆ ಕಾಲಿಟ್ಟದ್ದೇ ತಡ, ವೆಂಕಟೇಶ ಅಂದ:

"ಅಕ್ಕಾ, ನೀ ಎದ್ದೇಳು. ಅವನು ಕುಂದರ್ಲಿ. ನೀ ಅಷ್ಟರಾಗ ದಾರ ಕತ್ತರಿಸೋರ ಕೂಡ ಕುಂದ್ರು ಹೋಗು."

ಉಜ್ಜಿನಮ್ಮ ಕುರ್ಚಿಯ ಕೈ ಹಿಡಿದಳು. ಎದ್ದರೆ ಮುಗಿಯಿತು, ಕುರ್ಚಿ ಹೋಯಿತು. ಮತ್ತೆ ಆ ನೆಲ, ಆ ಗೋಡೆ, ಆ ನೀಲಿ ಧೂಳು. ಬಾಯಿ ತೆರೆದೇಬಿಟ್ಟಳು.

"ನಾ ಏಳಂಗಿಲ್ಲರೀ."

ಟೈಲರುಗಳೆಲ್ಲ ಇತ್ತ ತಿರುಗಿದರು. ವೆಂಕಟೇಶನ ಮುಖ ಕೆಂಪಾಯಿತು. "ಎಲ್ಲಾ ಬರ್ತೈತಂದಿದ್ದೆಲ್ಲ?"

"ಬರಂಗಿಲ್ಲ ಅಣ್ಣಾ. ಡಿಸೈನ್ ತೆಗೆಯೋದು ಬರ್ತೈತಿ, ಇದು ಬರಂಗಿಲ್ಲ. ಹಳೇದು ತೆಗೀಲೇನು ಅಂತ ಕೇಳ್ತು. ಶುಕ್ರವಾರ, ದೀಪ ಹಚ್ಚೋ ಹೊತ್ತು... ಹೊರಗ ಹಾಕಬಾರದಂತ ಬಿಟ್ಟೆ." ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿತು, ಆದರೂ ಕುರ್ಚಿಯ ಕೈ ಬಿಡಲಿಲ್ಲ. "ತಿಪ್ಪೇಶ ಬಾಯಾಗ ಹೇಳ್ಲಿ. ಕೈಲೆ ನಾ ಮಾಡ್ತೀನಿ."

ಯಾರೋ ಕಿಸಕ್ಕೆಂದರು. ತಿಪ್ಪೇಶ ಮಾತ್ರ ನಗಲಿಲ್ಲ. ಅವನ ತಾಯಿಯೂ ಶುಕ್ರವಾರ ಸಂಜೆ ಮಜ್ಜಿಗೆ ಕೊಡುವವಳಲ್ಲ. ಅವನು ಅವಳ ಬೆನ್ನ ಹಿಂದೆ ಬಂದು ನಿಂತ.

"ಯಕ್ಕಾ, ಎರಡೂ ಒಂದನ್ನೊಂದು ಕಳ್ಳ ಅಂತ ಹಿಡಕೊಂಡಾವ. ನಿನ್ನ ಡಿಸೈನೂ ಕಳ್ಳಮಾಲು ಅಂತ ಒಳಗ ಇಟ್ಟಾವ. ಮೊದಲು ಹೊಸದನ್ನ ಸುಮ್ಮನ ಕುಂದರ್ಸೋಣು. ಅಲ್ಲಿ ಒತ್ತು. ಹೂಂ. ಈಗ ಹಳೇದನ್ನ ತೆಗಿ."

ಕಂಪ್ಯೂಟರ್ ಮತ್ತೆ ಕೇಳಿತು, ಖಂಡಿತವಾಗಿ ತೆಗೆಯಬೇಕೇ ಎಂದು. ಉಜ್ಜಿನಮ್ಮ ತಿಪ್ಪೇಶನ ಕಡೆ ನೋಡಿದಳು. "ಇವತ್ತು ಶನಿವಾರ ಐತಿ, ಒತ್ತಬೇ" ಎಂದ ತಿಪ್ಪೇಶ. ಒತ್ತಿದಳು. ಹೋಯಿತು ಅಂದುಕೊಂಡರೆ ಪೂರ್ತಿ ಹೋಗಲಿಲ್ಲ. ಚೂರುಪಾರು ಉಳಿದದ್ದನ್ನು ಗುಡಿಸಲು ಆ ಕಂಪನಿಯದೇ ಇನ್ನೊಂದು ಸಾಮಾನು ಇಂಟರ್ನೆಟ್ಟಿನಿಂದ ಇಳಿಸಬೇಕಾಯಿತು. ಆಫ್, ಆನ್. ಹೊಸದನ್ನು ಎಬ್ಬಿಸಿ ನಂಬರು ಹಾಕಿದರೆ ಈ ಸಲ ಒಪ್ಪಿಕೊಂಡಿತು. ಒಳಗೆ ಹಿಡಿದಿಟ್ಟ ಡಿಸೈನುಗಳನ್ನು ಒಂದೊಂದಾಗಿ ಬಿಡಿಸಿದಳು. ಯಾವುದರಿಂದ ಏನಾಯಿತು ಅಂತ ಕೇಳಿದರೆ ಅವಳಿಗೆ ಈಗಲೂ ಗೊತ್ತಿಲ್ಲ. ಆದರೆ ಒಂದೊಂದನ್ನೂ ಒತ್ತಿದ್ದು ಅವಳ ಬೆರಳೇ.

ಹದ್ದು ಪರದೆಯ ಮೇಲೆ ಬಂತು. ಮಿಷನ್ನು ಟಕಟಕ ಶುರುವಾಯಿತು. ಟೈಲರುಗಳು ತಮ್ಮ ತಮ್ಮ ಜಾಗಕ್ಕೆ ಓಡಿದರು.

ವೆಂಕಟೇಶ ತಿಪ್ಪೇಶನ ಹೆಗಲ ಮೇಲೆ ಕೈಹಾಕಿ ಬಾಗಿಲ ಕಡೆ ಕರೆದುಕೊಂಡು ಹೋದ. ದನಿ ತಗ್ಗಿಸಿದ್ದರೂ ಉಜ್ಜಿನಮ್ಮನ ಕಿವಿ ಅಲ್ಲೇ ಇತ್ತು.

"ನಾಳಿಂದ ನೀನ ನಮ್ಮಲ್ಲಿ ಬಂದುಬಿಡೋ ಮಾರಾಯಾ."

ತಿಪ್ಪೇಶ ಹಿಂತಿರುಗಿ ಉಜ್ಜಿನಮ್ಮನ ಕಡೆ ಒಮ್ಮೆ ನೋಡಿದ.

"ಬಂದು ಎಲ್ಲಿ ಕುಂದರ್ಲಿರಿ? ಕುರ್ಚಿ ಖಾಲಿ ಎಲ್ಲೈತಿ?"

ಉಜ್ಜಿನಮ್ಮ ಅವತ್ತು ಲಾರಿ ಹೊರಡುವವರೆಗೂ ಊಟಕ್ಕೂ ಕುರ್ಚಿ ಬಿಟ್ಟು ಏಳಲಿಲ್ಲ.