ಮಂಗನ ಕಾಯಿಲೆಯ ಬೇಸಿಗೆ, ಗೌರತ್ತೆಯ ಗಂಜಿ

ಮೊನ್ನೆ ಆಶಾ ಕಾರ್ಯಕರ್ತೆ ಮನೆಗೆ ಬಂದು, ಕಾಡಿಗೆ ಹೋಗುವಾಗ ಉಣುಗು ಹುಳ ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆ ಕೊಟ್ಟು ಹೋದರು. ಮುಚ್ಚಳ ತೆಗೆದೆ. ಚಿಕ್ಕವಳಿದ್ದಾಗ, ಮಂಗನ ಕಾಯಿಲೆ ಬಂದುಹೋದ ಮೇಲೆ, ಅಪ್ಪನ ಕೈಕಾಲಿನಿಂದ ಬರುತ್ತಿದ್ದ ಅದೇ ಘಾಟು.

ಸೊರಬದ ಕಡೆಯ ನಮ್ಮೂರಲ್ಲಿ ಆ ಕಾಯಿಲೆ ಬಂದ ಬೇಸಿಗೆ ಮೊದಲು ಮಂಗಗಳು ಸತ್ತು ಬಿದ್ದವು. ಆಮೇಲೆ ಸೊಪ್ಪು ತರಲು ಕಾಡಿಗೆ ಹೋದವರು ಜ್ವರ ಬಂದು ಮಲಗಿದರು. ಕೆಲವರು ಏಳಲೇ ಇಲ್ಲ. ಅಮ್ಮನಿಗೂ ಜ್ವರ ಏರಿತು. ಅಪ್ಪ ಅವಳನ್ನು ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಲ್ಲೇ ಉಳಿದರು. ನಾನೂ ತಮ್ಮನೂ ಮನೆಯಲ್ಲಿ ಉಳಿದೆವು. ಅದು ಉಣುಗು ಕಚ್ಚಿ ಬರುವ ಜ್ವರ, ಮನುಷ್ಯರಿಂದ ಅಂಟುವುದಲ್ಲ ಅಂತ ಊರಿಗೆ ಗೊತ್ತಿರಲಿಲ್ಲ. ಹೆದರಿ ಯಾರೂ ನಮ್ಮ ಅಂಗಳಕ್ಕೆ ಕಾಲಿಡಲಿಲ್ಲ.

ಬಂದವರು ಪಕ್ಕದ ಮನೆಯ ಗೌರತ್ತೆ ಒಬ್ಬರೇ. ನಮ್ಮ ಹಸು ಅವರ ಹುರುಳಿ ಮೇಯ್ದಿತ್ತೆಂದು ಅಮ್ಮನ ಜೊತೆ ಮಾತು ಬಿಟ್ಟಿದ್ದರು. ಈಗ ಅದೇ ಹಸುವಿನ ಹಾಲು ಕರೆದು, ಗಂಜಿ ಕಾಯಿಸಿ, ನಮ್ಮಿಬ್ಬರ ಮುಂದೆ ಕೂತರು.

“ಅತ್ತೆ, ನಿಮಗೂ ಜ್ವರ ಬಂದ್ರೆ?” ಅಂದೆ.

“ಬಂದ್ರೆ ನಿಮ್ಮಮ್ಮ ನೋಡ್ಕೋತಾಳೆ. ಅಷ್ಟೊತ್ತಿಗೆ ಅವಳು ಬಂದಿರ್ತಾಳೆ. ನೀನು ಉಣ್ಣು.”

ಅಮ್ಮ ಬದುಕುತ್ತಾಳೆ ಅಂತ ನನಗೆ ಮೊದಲು ಹೇಳಿದವರು ಅವರೇ. ಅವತ್ತು ಹೊಟ್ಟೆ ತುಂಬ ಉಂಡೆ.

ಅಮ್ಮ ವಾಪಸ್ ಬಂದಾಗ ಗೋಡೆ ಹಿಡಿದು ನಡೆಯುತ್ತಿದ್ದಳು. ಗೌರತ್ತೆಯನ್ನು ನೋಡಿ, “ಹಸು ಒದೀಲಿಲ್ವಾ ಗೌರಕ್ಕ?” ಅಂದಳು.

“ಒದೀತು. ನಿನ್ನಷ್ಟೇ ಹಟ ಅದಕ್ಕೂ,” ಅಂದರು ಗೌರತ್ತೆ. ಇಬ್ಬರೂ ನಕ್ಕರು, ಆಮೇಲೆ ಅತ್ತರು.

ಗೌರತ್ತೆ ಈಗಿಲ್ಲ. ನಿನ್ನೆ ಅಮ್ಮ ಕಡುಬು ಬೇಯಿಸಿ, ನಾಲ್ಕನ್ನು ಬಾಳೆಲೆಯಲ್ಲಿ ಸುತ್ತಿ, “ಗೌರಕ್ಕನಿಗೆ ಕೊಟ್ಟು ಬಾರೆ” ಅಂತ ನನ್ನನ್ನು ಕರೆದು, ಮರುಕ್ಷಣ ಎಲೆ ಬಿಚ್ಚಿ ಕಡುಬನ್ನು ಮತ್ತೆ ಪಾತ್ರೆಗೆ ಹಾಕಿದಳು.