ಅಂಜೂರದ ಬಜ್ಜಿ ಕರಿದ ಕೈ

ಮೊನ್ನೆ ಮೊಮ್ಮಗ ಮಾರ್ಕೆಟ್ಟಿನಿಂದ ಒಂದು ಪುಟ್ಟಿ ಅಂಜೂರ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಒಂದನ್ನು ಎತ್ತಿಕೊಂಡು ತೊಟ್ಟು ಮುರಿದೆ. ಬಿಳಿ ಹಾಲು ಒಸರಿ ಬೆರಳಿಗೆ ಅಂಟಿಕೊಂಡಿತು. ಸೆರಗಿಗೆ ಒರೆಸಿದರೂ ಹೋಗಲಿಲ್ಲ. ಮೂಗಿನ ಹತ್ತಿರ ಹಿಡಿದರೆ ಹಸಿ ಎಲೆಯ ವಾಸನೆ... ಅಷ್ಟೇ ಸಾಕಾಯಿತು. ಅರವತ್ತು ವರ್ಷಗಳ ಹಿಂದಿನ ಬಳ್ಳಾರಿಯ ಓಣಿ, ಪಕ್ಕದ ಮನೆಯ ಅಕ್ಕ, ಆಕೆಯ ಬಾಣಲೆ ಎಲ್ಲ ಒಟ್ಟಿಗೇ ಬಂದು ನಿಂತವು. ಜೊತೆಗೆ ಸಿಟ್ಟೂ ಬಂತು. ನನಗೆ ವಯಸ್ಸಾಗಿದೆ, ನನ್ನ ಸಿಟ್ಟಿಗೆ ಆಗಿಲ್ಲ. ಆಗುವುದೂ ಬೇಡ.

ನಾನು ಸಿರುಗುಪ್ಪದವಳು. ನದಿ ನೀರು, ಭತ್ತದ ಗದ್ದೆ ನೋಡಿಕೊಂಡು ಬೆಳೆದವಳು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಮದುವೆಯಾಗಿ ಬಳ್ಳಾರಿಗೆ ಬಂದಾಗ ನನಗೆ ಹದಿನಾರು. ಬೇಸಿಗೆಯಲ್ಲಿ ಕಾದ ಗುಡ್ಡದ ಬಂಡೆ ಸಂಜೆಯಾದರೂ ಓಣಿಯ ಮೇಲೆ ಶಾಖ ಬಿಡುತ್ತಿತ್ತು. ನಮ್ಮವರು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಹೋದರೆ ಸಂಜೆಗೇ ಬರುವವರು. ಮನೆಯಲ್ಲಿ ಅತ್ತೆ ಹೇಳಿದ್ದೇ ನಡೆಯಬೇಕು. ಒಂದು ಮಧ್ಯಾಹ್ನ ತವರು ನೆನೆದು ಹಿತ್ತಲ ಗೋಡೆಗೆ ಒರಗಿ ಅಳುತ್ತಿದ್ದೆ. ಗೋಡೆಯ ಆಚೆಯಿಂದ ಒಂದು ದನಿ ಬಂತು.

"ಅಳಾಕ ಬಂದ್ರ ಜೋರಾಗಿ ಅಳವ್ವ. ಹಿಂಗ ಮುಸುಮುಸು ಅಂದ್ರ ನನಗ ನಿದ್ದಿ ಬರಂಗಿಲ್ಲ."

ನನಗೆ ನಗು ಬಂದುಬಿಟ್ಟಿತು. ಆ ದನಿಯೇ ಅಕ್ಕ. ನನಗಿಂತ ಐದಾರು ವರ್ಷ ದೊಡ್ಡವಳು, ಕುರುಗೋಡಿನ ಮಗಳು. ಗಂಡ ಹತ್ತಿಯ ಜಿನ್ನಿಂಗ್ ಕಾರ್ಖಾನೆಯಲ್ಲಿದ್ದ. ಮನೆಯಲ್ಲಿ ಅತ್ತೆಯೂ ಒಬ್ಬ ಮೈದುನನೂ ಇದ್ದರು. ಅಂಜೂರದ ಕಾಲಕ್ಕೆ ಕುರುಗೋಡಿನ ತವರು ತೋಟದಿಂದ ಯಾರಾದರೂ ಬುಟ್ಟಿ ಹೊತ್ತು ತರುತ್ತಿದ್ದರು. ಆ ದಿನ ಆಕೆಯ ಮನೆಯಲ್ಲಿ ಊಟದ ಕೊನೆಗೆ ಅಂಜೂರದ ಸಿಹಿ ಬಜ್ಜಿ.

ಆ ಬಜ್ಜಿ ನನಗೆ ಹೊಸದು. ನಮ್ಮ ಸಿರುಗುಪ್ಪದಲ್ಲಿ ಹಣ್ಣನ್ನು ಹಣ್ಣಾಗಿಯೇ ತಿನ್ನುತ್ತಿದ್ದೆವು, ಎಣ್ಣೆಗೆ ಹಾಕುವುದು ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಬಲಿತು ಇನ್ನೂ ಬಿರಿಯದ ಹಣ್ಣನ್ನೇ ಆರಿಸುತ್ತಿದ್ದಳು. ಬಿರಿದ ಹಣ್ಣು ಎಣ್ಣೆಯಲ್ಲಿ ಸಿಡಿದು ಮುಖ ಸುಡುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಒಣ ಬಟ್ಟೆಯಿಂದ ಒರೆಸಿ, ಒಣ ಹಿಟ್ಟಿನಲ್ಲಿ ಒಮ್ಮೆ ಹೊರಳಿಸುತ್ತಿದ್ದಳು. ಅಕ್ಕಿ ಹಿಟ್ಟಿಗೆ ಒಂದು ಹಿಡಿ ಗೋಧಿ ಹಿಟ್ಟು, ಬೆಲ್ಲದ ನೀರು, ಏಲಕ್ಕಿ, ಚಿಟಿಕೆ ಉಪ್ಪು, ಎಳ್ಳು. ಸಕ್ಕರೆ ಆಗ ರೇಷನ್ನಿನಲ್ಲೂ ಸರಿಯಾಗಿ ಸಿಗುತ್ತಿರಲಿಲ್ಲ. ತೊಟ್ಟು ಹಿಡಿದು ಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಬಾಣಲೆಯ ಅಂಚಿನಿಂದ ಮೆಲ್ಲಗೆ ಜಾರಿಸುತ್ತಿದ್ದಳು. ಅದಕ್ಕೂ ಮೊದಲು ಒಂದು ಹನಿ ಹಿಟ್ಟು ಬಿಟ್ಟು ಶೇಂಗಾ ಎಣ್ಣೆಯ ಕಾವು ನೋಡುವುದು. ಹನಿ ತಳಕ್ಕೆ ಹೋಗಿ ಥಟ್ಟನೆ ಮೇಲೆ ಬರಬೇಕು. ಬರದಿದ್ದರೆ ಆಕೆ ಕಾಯುತ್ತಿದ್ದಳು, ಆತುರ ಮಾಡುತ್ತಿರಲಿಲ್ಲ. ಹೊರಗೆ ಗರಿಗರಿ, ಒಳಗೆ ಬಿಸಿ ಬಿಸಿ ಹಲ್ವದಂಥ ಹಣ್ಣು. ಮೊದಲ ಸಲ ತಿಂದಾಗ ನಾನು ನಾಲಿಗೆ ಸುಟ್ಟುಕೊಂಡೆ.

ಮರುವರ್ಷದ ಬೇಸಿಗೆಯಲ್ಲಿ ಓಣಿಗೆ ವಾಂತಿಭೇದಿ ಬಂತು. ಅಕ್ಕನ ಮೈದುನ ಒಂದು ಮಧ್ಯಾಹ್ನ ಹೊಟ್ಟೆತುಂಬ ಬಜ್ಜಿ ತಿಂದಿದ್ದ. ಮರುದಿನ ಬೆಳಿಗ್ಗೆ ಶುರುವಾಯಿತು, ಸಂಜೆಗೆ ಮುಗಿದೇ ಹೋಯಿತು. ಹತ್ತೊಂಬತ್ತು ವರ್ಷದ ಹುಡುಗ... ಅದೇ ವಾರ ನಮ್ಮ ಓಣಿಯಲ್ಲೇ ಇನ್ನೂ ನಾಲ್ಕು ಹೆಣ ಬಿದ್ದವು. ಅವರಲ್ಲಿ ಒಬ್ಬರೂ ಅಕ್ಕನ ಬಜ್ಜಿ ಮುಟ್ಟಿರಲಿಲ್ಲ. ಎಲ್ಲರೂ ಕುಡಿದದ್ದು ಒಂದೇ ಬಾವಿಯ ನೀರು. ಆದರೆ ಬಾವಿಯನ್ನು ಬೈಯಲು ಯಾರಿಗೂ ಮನಸ್ಸಿರಲಿಲ್ಲ, ಸೊಸೆ ಕೈಗೆ ಸಿಕ್ಕಿದ್ದಳು.

"ಹಣ್ಣು ಕರಿಯೂದು ನಮ್ಮ ಮನಿಗೆ ಆಗಿಬರಂಗಿಲ್ಲ," ಎಂದು ಆಕೆಯ ಅತ್ತೆ ಕಟ್ಟುನಿಟ್ಟು ಮಾಡಿದಳು. ನಮ್ಮ ಕಡೆ ಇದು ಮಾಮೂಲಿ. ಹಬ್ಬದ ದಿನ ಯಾರಾದರೂ ತೀರಿಹೋದರೆ ಆ ಹಬ್ಬ ಬಿಡುವುದು, ಒಂದು ಅಡುಗೆಯ ದಿನ ಹೋದರೆ ಆ ಅಡುಗೆ ಬಿಡುವುದು. ಬಿಡಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಡುಗೆಗೆ ಅಂಟಿದ್ದು ಆರು ತಿಂಗಳಲ್ಲಿ ಅಕ್ಕನ ಕೈಗೇ ಅಂಟಿತು. ಆಕೆಯ ಕೈಗುಣ ಸರಿಯಿಲ್ಲ ಎಂದರು. ಆಕೆ ಎಲೆ ಅಡಿಕೆ ಕೊಟ್ಟರೆ ಹೆಂಗಸರು ಕೈ ಚಾಚುತ್ತಿರಲಿಲ್ಲ. "ಅಲ್ಲೇ ಇಡ್ರಿ," ಎನ್ನುತ್ತಿದ್ದರು. ಇಟ್ಟದ್ದು ಅಲ್ಲೇ ಒಣಗುತ್ತಿತ್ತು.

ನಾನು ಮೊದಲ ಸಲ ಬಸುರಿಯಾದದ್ದು ಅದರ ಮುಂದಿನ ವರ್ಷ. ನಾಲ್ಕು ತಿಂಗಳು ತುಂಬಿತ್ತು. ಅನ್ನ ಸೇರುತ್ತಿರಲಿಲ್ಲ. ನನಗೆ ಬೇಕಾಗಿದ್ದು ಆ ಬಜ್ಜಿಯೇ, ಬೇರೆ ಏನೂ ಅಲ್ಲ. ಬಸುರಿಯ ಬಯಕೆ ತೀರಿಸದಿದ್ದರೆ ಕೂಸಿನ ಕಿವಿ ಸೋರುತ್ತದೆ ಎನ್ನುವ ಜನ ಅವರು, ಆದರೂ ನನ್ನ ಬಯಕೆ ಕೇಳಿ ನಮ್ಮ ಅತ್ತೆ ಬಾಯಿಗೆ ಸೆರಗು ಹಿಡಿದರು. ನಾನು ಗೋಡೆಯ ಹತ್ತಿರ ಹೋಗಿ ಅಕ್ಕನನ್ನು ಕಾಡಿದೆ. ಆಕೆ ಎರಡು ದಿನ ಒಲ್ಲೆ ಎಂದಳು. ಮೂರನೆಯ ದಿನ ಆಕೆಯ ಅತ್ತೆ ಹಲಕುಂದಿಯ ಮಠಕ್ಕೆ ಹೋದಾಗ ಒಲೆ ಹಚ್ಚಿದಳು. ಮುತ್ತುಗದ ಎಲೆಯಲ್ಲಿ ನಾಲ್ಕು ಬಜ್ಜಿ ಗೋಡೆ ದಾಟಿ ಬಂದವು. ಬಚ್ಚಲಮನೆಯಲ್ಲಿ ನಿಂತು ತಿಂದೆ. ಅಷ್ಟು ರುಚಿಯಾಗಿ ನಾನು ಜೀವಮಾನದಲ್ಲಿ ಏನೂ ತಿಂದಿಲ್ಲ.

ಹತ್ತು ದಿನಕ್ಕೆ ಜ್ವರ ಬಂತು. ಚಳಿ, ನಡುಕ, ಮತ್ತೆ ಜ್ವರ. ಗರ್ಭ ನಿಲ್ಲಲಿಲ್ಲ. ನೋವಿನಲ್ಲಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದೆ. ಅತ್ತೆ ತಲೆ ಹತ್ತಿರ ಕೂತು ಮತ್ತೆ ಮತ್ತೆ ಒಂದೇ ಮಾತು ಕೇಳುತ್ತಿದ್ದರು. "ಏನ್ ತಿಂದಿ? ಯಾರ ಕೈಲೆ ತಿಂದಿ?"

ನಾನು ಹೇಳಿದೆ. ಅಕ್ಕ ಕೊಟ್ಟಳು ಎಂದು ನಾನೇ ಹೇಳಿದೆ.

ವಾರದೊಳಗೆ ಪಕ್ಕದ ಮನೆಯ ಮುಂದೆ ಜಟಕಾ ಬಂದು ನಿಂತಿತು. ಅಕ್ಕನ ಟ್ರಂಕು ಹೊರಗೆ ಬಂತು. ಆಕೆಯನ್ನು ಕುರುಗೋಡಿಗೆ ಬಿಟ್ಟುಬರುವುದು, ಮತ್ತೆ ಕರೆಸಿಕೊಳ್ಳದಿರುವುದು, ಇದು ಅವರ ಮನೆಯಲ್ಲಿ ಆದ ತೀರ್ಮಾನ. ಗಂಡ ತಾಯಿಯ ಮುಂದೆ ಬಾಯಿ ಬಿಡುವವನಲ್ಲ. ಅಕ್ಕ ಮಾತ್ರ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ನಾ ಹೋಗಂಗಿಲ್ಲ. ಹೋದ್ರ ನೀವು ಹೇಳಿದ್ದು ಖರೇ ಆಗತೈತಿ."

ಬಿಸಿಲು ಏರಿದರೂ ಏಳಲಿಲ್ಲ. ಜಟಕಾದವನು ಬೇಸತ್ತು ಹೊರಟುಹೋದ. ಕೊನೆಗೆ ಆಕೆಯ ಅತ್ತೆ ಎರಡು ಷರತ್ತು ಹಾಕಿದಳು. ಒಲೆ ಮುಟ್ಟಬಾರದು, ಮತ್ತು ಆಕೆಯ ಕೈಯಿಂದ ಇನ್ನೊಂದು ಕೆಟ್ಟದ್ದಾದರೆ ಅದೇ ದಿನ ಹೊರಡಬೇಕು. ಗಂಡ ಅದಕ್ಕೂ ತಲೆಯಾಡಿಸಿದ. ಒಂದು ವರ್ಷ ಆಕೆ ಆ ಮನೆಯಲ್ಲಿ ಕಸ ಹೊಡೆದಳು, ನೀರು ಸೇದಿದಳು, ಬಟ್ಟೆ ಒಗೆದಳು. ತನ್ನ ಅನ್ನ ತಾನು ಮಾಡಿಕೊಳ್ಳಲು ಅಪ್ಪಣೆಯಿರಲಿಲ್ಲ. ನಾನು ಗೋಡೆಯ ಹತ್ತಿರ ಹೋಗುವುದನ್ನೇ ಬಿಟ್ಟಿದ್ದೆ. ಅತ್ತೆ ತಡೆದರು ಎಂದು ಆಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವೆಂದರೆ ನನಗೆ ನಾಚಿಕೆ.

ಮುಂದಿನ ಅಂಜೂರದ ಕಾಲಕ್ಕೆ ನಾನು ಮತ್ತೆ ಬಸುರಿ, ಎಂಟು ತಿಂಗಳು ತುಂಬಿತ್ತು. ಒಂದು ಇಳಿಹೊತ್ತು ಓಣಿಯಲ್ಲಿ ಗುಸುಗುಸು ಎದ್ದಿತು. ಕಿಟಕಿಯಿಂದ ನೋಡಿದೆ. ಅಕ್ಕ ತನ್ನ ಮನೆಯ ಮುಂದೆ, ಬೀದಿಯಲ್ಲೇ, ಮೂರು ಕಲ್ಲು ಹೂಡಿ ಒಲೆ ಮಾಡಿದ್ದಳು. ಪಕ್ಕದಲ್ಲಿ ಕುರುಗೋಡಿನ ಬುಟ್ಟಿ. ಮನೆಯ ಒಲೆ ಮುಟ್ಟಬೇಡ ಎಂದಿದ್ದರು, ಬೀದಿಯ ಕಲ್ಲಿನ ಮಾತು ಯಾರೂ ಎತ್ತಿರಲಿಲ್ಲವಲ್ಲ! ಹಿಟ್ಟು ಬಿಟ್ಟು ಎಣ್ಣೆ ನೋಡಿದಳು. ಕರಿದ ಬಜ್ಜಿಗಳನ್ನು ದೊಡ್ಡ ತಟ್ಟೆಗೆ ಒಟ್ಟಿ ತಲೆ ಎತ್ತಿ ಇಡೀ ಓಣಿಯನ್ನು ನೋಡಿದಳು.

"ಯಾರಿಗೆ ಬೇಕು ಬರ್ರಿ. ತಿಂದು ನೋಡ್ರಿ."

ಒಬ್ಬರೂ ಅಲುಗಲಿಲ್ಲ. ಬಾಗಿಲಿಗೊಬ್ಬರಂತೆ ನಿಂತು ನೋಡುತ್ತಿದ್ದರು. ಮಕ್ಕಳನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. ತಟ್ಟೆಯ ಮೇಲಿನ ಹಬೆ ಆರುತ್ತ ಬಂತು. ನನ್ನ ಅತ್ತೆ ಹಿಂದಿನಿಂದ ಹೇಳಿದರು. "ಹೊಸ್ತಿಲ ದಾಟಿದ್ರ ನೋಡು ಮತ್ತ."

ದಾಟಿದೆ. ಧೈರ್ಯವಿತ್ತು ಎಂದು ಸುಳ್ಳು ಹೇಳಲಾರೆ. ಮತ್ತೆ ಹಾಗಾದರೆ ಎಂಬ ಭಯ ಹೊಟ್ಟೆಯೊಳಗಿನ ಕೂಸಿಗಿಂತ ಭಾರವಾಗಿತ್ತು. ಆದರೆ ಆ ಹೆಣ್ಣುಮಗಳು ನಡುಬೀದಿಯಲ್ಲಿ ಒಬ್ಬಳೇ ಕೂತಿದ್ದಳು, ಕೂರುವಂತೆ ಮಾಡಿದ್ದು ನಾನು. ನನ್ನನ್ನು ಕಂಡು ಆಕೆಯೇ ಹೆದರಿದಳು.

"ಬ್ಯಾಡ ತಂಗಿ. ನಿನಗೇನರ ಆದ್ರ ನಾ ಉಳಿಯಂಗಿಲ್ಲ. ನೀ ಒಳಗ ಹೋಗು."

"ಕೊಡ್ರಿ ಅಕ್ಕಾ."

ಆಕೆ ತಟ್ಟೆಯನ್ನು ನನ್ನ ಮುಂದೆ ನೆಲಕ್ಕಿಡಲು ಬಾಗಿದಳು. ಅಭ್ಯಾಸವಾಗಿಹೋಗಿತ್ತು.

"ಕೆಳಗ ಇಡಬ್ಯಾಡ್ರಿ. ಕೈಯಾಗ ಕೊಡ್ರಿ," ಎಂದೆ. ಓಣಿಗೆಲ್ಲ ಕೇಳುವಂತೆಯೇ ಎಂದೆ.

ಕೊಟ್ಟಳು. ಅಲ್ಲೇ ಕಟ್ಟೆಯ ಮೇಲೆ ಕೂತು ಒಂದಲ್ಲ, ಐದು ತಿಂದೆ. ಹಸಿವಿರಲಿಲ್ಲ. ಆದರೂ ತಿಂದೆ.

ಮರುದಿನದಿಂದ ಅತ್ತೆ ನನ್ನೊಡನೆ ಮಾತು ಬಿಟ್ಟರು. ನಮ್ಮವರು ಮಾತ್ರ, ಇನ್ನೂ ಹಣ್ಣು ಬೇಕೇನು ಎಂದು ಒಮ್ಮೆ ಕೇಳಿದರು. ಹೆರಿಗೆಗೆ ಕರೆದೊಯ್ಯಲು ಸಿರುಗುಪ್ಪದಿಂದ ಅವ್ವ ಬಂದಳು. ಚೊಚ್ಚಲು ತವರಿನಲ್ಲೇ ಆಗಬೇಕು. ನಾನು ಹೋಗಲಿಲ್ಲ. ಅಲ್ಲಿ ಹೆತ್ತರೆ ಇಲ್ಲಿನವರಿಗೆ ಬಾಯಿಮಾತಿನ ಸುದ್ದಿಯಷ್ಟೇ ಸಿಗುತ್ತಿತ್ತು. ಕೂಸು ಅತ್ತರೆ ಈ ಓಣಿಗೇ ಕೇಳಬೇಕು ಎಂದು ಹಟ ಹಿಡಿದೆ. ಅವ್ವ ಬೈದುಕೊಂಡೇ ಉಳಿದಳು. ಕೂಸು ಅರ್ಧ ದಿನ ಒದೆಯದಿದ್ದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಪಕ್ಕದ ಮನೆಯಲ್ಲಿ ಅಕ್ಕನ ಟ್ರಂಕು ಆಗಲೇ ಪಡಸಾಲೆಗೆ ಬಂದಿತ್ತು. ಆಕೆಯ ಅತ್ತೆಯೇ ತಂದಿಟ್ಟಿದ್ದಳು, ಕಾಯುತ್ತಿದ್ದಳು.

ಐದನೆಯ ವಾರ, ಒಂದು ಬೆಳಿಗ್ಗೆ, ಮಗಳು ಹುಟ್ಟಿದಳು. ಏನು ಅಳು ಅಂತೀರಿ! ಸೂಲಗಿತ್ತಿಯೇ ಕಿವಿ ಮುಚ್ಚಿಕೊಂಡಳು. ನಾನು ಮಲಗಿದ್ದಲ್ಲೇ ನಕ್ಕೆ. ನನ್ನ ಅತ್ತೆ ಕೈಮುಗಿದು, "ದೇವರು ಕಾಯ್ದ," ಎಂದರು. ಓಣಿಯೂ ಹಾಗೇ ಹೇಳಿತು. ಬಾಣಂತನದಲ್ಲಿ ಗೋಡೆಯ ಆಚೆಯಿಂದ ಅಕ್ಕ ನಗುತ್ತ ಹೇಳಿದಳು. "ನೋಡು ತಂಗಿ, ಕೆಟ್ಟದ್ದಾದ್ರ ನನ್ನ ಕೈ, ಚಲೋದಾದ್ರ ದೇವರು."

ಆದರೂ ಟ್ರಂಕು ಒಳಗೆ ಹೋಯಿತು. ಮುಂದಿನ ವರ್ಷ ಬೀದಿಯ ಒಲೆಯ ಹತ್ತಿರ ಮಕ್ಕಳು ಬಂದರು. ಅದರ ಮುಂದಿನ ವರ್ಷ ಮಕ್ಕಳನ್ನು ಕರೆಯುವ ನೆಪದಲ್ಲಿ ತಾಯಂದಿರು ಬಂದರು. ಅಷ್ಟರಲ್ಲಿ ಆಕೆಯ ಗಂಡನಿಗೆ ಆದೋನಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಆಗ ಅದೂ ನಮ್ಮ ಜಿಲ್ಲೆಯೇ. ಹೋಗುವ ದಿನ ಅಕ್ಕ ಕೇಳಿದಳು. "ಅವತ್ತು ಗೋಡಿ ಮ್ಯಾಲಿಂದ ಕೊಟ್ಟದ್ದನ್ನ ನಿಮ್ಮತ್ತಿ ನೋಡಿರಬೇಕಲ್ಲ?" ನಾನು "ಹ್ಞೂಂ" ಎಂದೆ... ಅಷ್ಟೆಲ್ಲ ಮಂದಿಯ ಮುಂದೆ ಬೀದಿಗಿಳಿದವಳಿಗೆ ಆಕೆಯೊಬ್ಬಳ ಮುಂದೆ ಬಾಯಿ ಬರಲಿಲ್ಲ.

ಬಳ್ಳಾರಿ ಮೈಸೂರಿಗೆ ಸೇರಿತು, ಆದೋನಿ ಆಂಧ್ರಕ್ಕೆ ಹೋಯಿತು. ಹತ್ತಿರದ ಊರೇ, ಆದರೆ ಮನೆ, ಮಕ್ಕಳು, ಅತ್ತೆಯ ಕಾಯಿಲೆ... ನಾನು ಹೊರಟಾಗ ಬಹಳ ವರ್ಷಗಳಾಗಿದ್ದವು. ಮನೆ ಹುಡುಕಿಕೊಂಡು ಹೋದರೆ ಆಕೆ ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಆಕೆಯ ಸೊಸೆ ನನ್ನನ್ನು ಕೂರಿಸಿ ನೀರು ಕೊಟ್ಟಳು. ಆ ಬೀದಿಯಲ್ಲಿ ಯಾವ ಹುಡುಗಿ ಬಸುರಿಯಾದರೂ ಮೊದಲ ಸಿಹಿ ಅಕ್ಕನ ಕೈಯಿಂದಲೇ ತಿನ್ನಬೇಕಿತ್ತಂತೆ, ಅಷ್ಟು ಒಳ್ಳೆಯ ಕೈಗುಣವೆಂದು ಜನ ಬರುತ್ತಿದ್ದರಂತೆ. ಕೇಳಿ ನಾನು ದಂಗಾದೆ. "ಅದಕ್ಕ ಆಕಿ ಏನಂತಿದ್ಲು?" ಎಂದೆ.

"ನನ್ನ ಕೈಯಾಗ ಏನೂ ಇಲ್ರೆವ್ವಾ, ಎಣ್ಣಿ ಚಲೋ ಕಾದಿತ್ತು ಅಷ್ಟ ಅಂತಿದ್ರು," ಎಂದಳು ಸೊಸೆ.

ನಾನು ಹೇಳಲು ಹೋದ ಮಾತು ಬಾಯಲ್ಲೇ ಉಳಿಯಿತು, ವಾಪಸು ತಂದುಕೊಂಡೆ. ನನಗೆ ಈಗ ಎಂಬತ್ತು ದಾಟಿದೆ, ಇನ್ನೆಷ್ಟು ದಿನ ಇಟ್ಟುಕೊಳ್ಳಲಿ? ಆ ಓಣಿಯವರು ಯಾರಾದರೂ ಬದುಕಿದ್ದರೆ ಓದಲಿ ಎಂದೇ ಬರೆದಿದ್ದೇನೆ. ನನ್ನ ಮೊದಲ ಕೂಸನ್ನು ಒಯ್ದದ್ದು ಚಳಿಜ್ವರ. ಅದನ್ನು ಆಕೆಯ ಮೇಲೆ ಹಾಕಿದ್ದು ನನ್ನ ಬಾಯಿ. ಅಕ್ಕಾ, ನಮ್ಮ ಅತ್ತೆ ಏನನ್ನೂ ನೋಡಿರಲಿಲ್ಲ.